ತತ್ಕಾಲ್ ಟಿಕೆಟ್: ಸರ್ವರ್ ಹೆಚ್ಚಿಸಿದರಷ್ಟೇ ಸಾಲದು

ಹವಾನಿಯಂತ್ರಿತ ದರ್ಜೆಗಳ ತತ್ಕಾಲ್ ಬುಕಿಂಗ್ ಬೆಳಿಗ್ಗೆ 10ಕ್ಕೆ, ಉಳಿದವುಗಳದ್ದು 11ಕ್ಕೆ ಆರಂಭವಾಗುತ್ತದೆ. ಹೆಸರು, ವಯಸ್ಸು ತುಂಬಿ, ಬ್ಯಾಂಕಿನ ಪುಟಕ್ಕೆ ಹೋಗಿ ಮರಳುವಷ್ಟರಲ್ಲಿ ‘ಸೆಷನ್ ಮುಗಿದಿದೆ’ ಎಂಬ ಸಂದೇಶ ಎದುರಾದರೆ ಪ್ರಯಾಣಿಕನ ಪಾಡು ಹೇಳತೀರದು. ಖಾತೆಯಿಂದ ಹಣ ಹೋಗಿರುತ್ತದೆ, ಬರ್ತ್ ಬೇರೆಯವರ ಪಾಲಾಗಿರುತ್ತದೆ. ಸರ್ವರ್‌ಗಳು ಸಾಲವು ಎಂಬ ದೂರು ಆಗ ಸಹಜ. ಆದರೆ ಅದು ಅರ್ಧ ಸತ್ಯ ಮಾತ್ರ.

ವೆಬ್ ವ್ಯವಹಾರದ ನಿಯಮಾವಳಿಯಾದ ಎಚ್‌ಟಿಟಿಪಿಗೆ ನೆನಪೆಂಬುದಿಲ್ಲ. ಪ್ರತಿ ಕ್ಲಿಕ್ಕೂ ಅದರ ಪಾಲಿಗೆ ಹೊಸಬರ ಕೋರಿಕೆಯೇ. ಆದ್ದರಿಂದ ಲಾಗಿನ್ ಆದವರಿಗೆ ಸರ್ವರ್ ಒಂದು ಗುರುತಿನ ಸಂಖ್ಯೆ ಕೊಟ್ಟು, ಅವರ ವಿವರಗಳನ್ನು ಆ ಸಂಖ್ಯೆಯ ಅಡಿ ತನ್ನ ಬಳಿ ಇಟ್ಟುಕೊಳ್ಳುತ್ತದೆ. ಇದೇ ಸೆಷನ್. ಸರ್ವರ್ ಒಂದೇ ಇದ್ದಾಗ ತೊಡಕಿಲ್ಲ. ಹತ್ತಾರು ಸರ್ವರ್‌ಗಳ ಕ್ಲಸ್ಟರ್‌ನಲ್ಲಿ ಮೊದಲ ಕ್ಲಿಕ್ ಒಂದಕ್ಕೆ, ಮುಂದಿನದು ಇನ್ನೊಂದಕ್ಕೆ ತಲುಪಿದರೆ ಎರಡನೆಯದಕ್ಕೆ ಬಂದವರು ಯಾರೆಂದೇ ತಿಳಿಯದು.

ಬಳಕೆದಾರನನ್ನು ಮೊದಲು ಸಿಕ್ಕ ಸರ್ವರ್‌ಗೇ ಅಂಟಿಸುವುದು ಅಗ್ಗದ ಉಪಾಯ. ಆ ಯಂತ್ರ ಕುಸಿದರೆ ಅದಕ್ಕೆ ಅಂಟಿಕೊಂಡವರೆಲ್ಲ ಹೊರಗೆ! ಸೆಷನ್ನಿನ ಪ್ರತಿಯನ್ನು ಎಲ್ಲ ಸರ್ವರ್‌ಗಳಿಗೂ ಹಂಚಬಹುದು; ಯಂತ್ರಗಳು ಹೆಚ್ಚಿದಂತೆಲ್ಲ ಆ ಹಂಚಿಕೆಯೇ ಹೊರೆಯಾಗುತ್ತದೆ. ಹೀಗಾಗಿ ದೊಡ್ಡ ತಾಣಗಳು ಸೆಷನ್‌ಗಳನ್ನು ವೆಬ್ ಸರ್ವರ್‌ಗಳ ಹೊರಗೆ, ಎಲ್ಲವೂ ಓದಬಲ್ಲ ಪ್ರತ್ಯೇಕ ಸಂಗ್ರಹದಲ್ಲಿ ಇಡುವತ್ತ ಹೊರಳಿವೆ. ಆ ಸಂಗ್ರಹವೇ ಕೆಟ್ಟರೆ ಇಡೀ ತಾಣ ಸ್ತಬ್ಧವಾಗುವುದರಿಂದ ಅದಕ್ಕೂ ಪರ್ಯಾಯ ಪ್ರತಿ ಅನಿವಾರ್ಯ.

ರೈಲ್ವೆಯ ಮಾಹಿತಿ ವ್ಯವಸ್ಥೆಗಳ ಸಂಸ್ಥೆ ‘ಕ್ರಿಸ್’ ರೂಪಿಸಿದ ಹೊಸ ಇ-ಟಿಕೆಟ್ ವ್ಯವಸ್ಥೆ 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಬುಕಿಂಗ್ ಸಾಮರ್ಥ್ಯ ನಿಮಿಷಕ್ಕೆ 2,000 ಟಿಕೆಟ್‌ಗಳಿಂದ 7,200ಕ್ಕೆ ಏರಿತು. ದತ್ತಾಂಶವನ್ನು ಹಲವು ಯಂತ್ರಗಳ ಮೆಮೊರಿಯಲ್ಲಿ ಹಂಚಿಡುವ ‘ಜೆಮ್‌ಫೈರ್’ ತಂತ್ರಾಂಶವನ್ನು ಅಲ್ಲಿ ಬಳಸಲಾಯಿತು. ಬರೀ ಯಂತ್ರಗಳ ಸಂಖ್ಯೆ ಹೆಚ್ಚಿಸುವುದರಿಂದ ಕೆಲಸ ಆಗದೆಂಬುದನ್ನು ರೈಲ್ವೆ ಮನಗಂಡಿತ್ತು ಎನ್ನಲು ಇಷ್ಟು ಸಾಕು.

2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾಗಿದ್ದು, ಒಟಿಪಿಯ ಹಂತವೂ ಸೇರಿಕೊಂಡಿದೆ. ದಲ್ಲಾಳಿಗಳ ಕಾಟ ತಡೆಯುವ ಉದ್ದೇಶವೇನೋ ಸರಿಯೇ. ಆದರೆ ಒಟಿಪಿ ತಡವಾದಷ್ಟೂ ಸೆಷನ್ ಹೆಚ್ಚು ಹೊತ್ತು ಜೀವಂತ ಇರಬೇಕಾಗುತ್ತದೆ. ನೆಟ್‌ವರ್ಕ್ ದುರ್ಬಲವಾದ ಊರಿನವರಿಗೆ ಇದರ ಬಿಸಿ ಹೆಚ್ಚು.

ಹಣದ ಲೆಕ್ಕವನ್ನಂತೂ ಸೆಷನ್ನಿನ ನೆನಪಿಗೆ ಬಿಡುವುದು ಸಲ್ಲದು. ಗ್ರಾಹಕನನ್ನು ಬ್ಯಾಂಕಿನ ಪುಟಕ್ಕೆ ಕಳುಹಿಸುವ ಮುನ್ನವೇ ಬೇಡಿಕೆಯ ಪೂರ್ಣ ವಿವರ ಡೇಟಾಬೇಸ್‌ನಲ್ಲಿ ದಾಖಲಾಗಿರಬೇಕು. ಹಾಗಾದಲ್ಲಿ ಸೆಷನ್ ನಡುವೆ ಕಡಿದುಹೋದರೂ, ಬ್ಯಾಂಕಿನ ಉತ್ತರ ಬಂದೊಡನೆ ಟಿಕೆಟ್ ನೀಡುವುದೋ ಹಣ ಮರಳಿಸುವುದೋ ಎಂಬುದನ್ನು ಪ್ರಯಾಣಿಕ ದೂರು ಕೊಡುವ ಮೊದಲೇ ನಿರ್ಧರಿಸಬಹುದು.