ಕಿರುಮೀನಿನ ಕಣ್ಣು

ಯಾವುದೊಂದು ಶಾಸ್ತ್ರದ ಮಾತೆತ್ತಿದೊಡನೆ ‘ಇದರಿಂದೇನು ಪ್ರಯೋಜನ?’ ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಕೇಳಲಿ, ಆದರೆ ಉತ್ತರಕ್ಕೆ ಕಾಯುವ ತಾಳ್ಮೆಯೂ ಇರಬೇಕೆಂಬುದು ನನ್ನ ಮತ.

1801ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತ ನಮ್ಮ ಚಿತ್ರದುರ್ಗ, ಹಿರಿಯೂರುಗಳನ್ನು ಹಾದುಹೋದನು. ಕಂಡದ್ದನ್ನೆಲ್ಲ ಬರೆದಿಡುವ ಸ್ವಭಾವದ ಆತನೇ 1822ರಲ್ಲಿ ಗಂಗಾನದಿಯ ಮೀನುಗಳ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಇಂದು ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಕೆರೆಗಳಿಗೆ ಬಿತ್ತನೆಯಾಗಿ ಬಿಡುವ ರೋಹು, ಕಾಟ್ಲಾಗಳ ವರ್ಣನೆ ಅದರಲ್ಲಿದೆ. ಜೊತೆಗೆ ಕಿರುಬೆರಳಿಗಿಂತ ಚಿಕ್ಕದಾದ, ನೀಲಿ ಪಟ್ಟೆಗಳ, ಸಂತೆಯಲ್ಲಿ ಬೆಲೆಯಿಲ್ಲದ ಒಂದು ಮೀನೂ ಇದೆ. ಅದೇ ಜೀಬ್ರಾ ಮೀನು. ಅಮೆರಿಕದ ಜಾರ್ಜ್ ಸ್ಟ್ರೈಸಿಂಗರರು 1981ರಲ್ಲಿ ಅದರ ಮೇಲಿನ ಸಂಶೋಧನೆಯನ್ನು ಪ್ರಕಟಿಸಿದ ಬಳಿಕ ಅದು ಜೀವವಿಜ್ಞಾನಿಗಳ ಅಚ್ಚುಮೆಚ್ಚಾಯಿತು.

ಈ ಮೀನಿನ ಭ್ರೂಣ ತಾಯಿಯ ಒಡಲ ಹೊರಗೆ, ಗಾಜಿನಂತಹ ಮೊಟ್ಟೆಯಲ್ಲಿ ಬೆಳೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದನ್ನು ಗಂಟೆಗಂಟೆಗೂ ನೋಡಬಹುದು. ಮೊದಲ ದಿನವೇ ಮುಮ್ಮೆದುಳಿನ ಎರಡು ಪಕ್ಕಗಳು ಉಬ್ಬಿ ಹೊರಚಾಚುತ್ತವೆ. ಒಂದೊಂದು ಉಬ್ಬೂ ಮಡಿಸಿಕೊಂಡು ಬಟ್ಟಲಾಗುತ್ತದೆ. ಆ ಬಟ್ಟಲಿನ ಒಳಪದರವೇ ಅಕ್ಷಿಪಟಲ, ಅಂದರೆ ರೆಟಿನಾ. ಎರಡನೆಯ ದಿನ, ಮೆದುಳಿಗೆ ಸುದ್ದಿಯೊಯ್ಯುವ ನರಕೋಶಗಳು ಮೊದಲು ಹುಟ್ಟುತ್ತವೆ. ಬೆಳಕನ್ನು ಹಿಡಿಯುವ ಕೋಶಗಳು ಅನಂತರ. ಮೂರನೆಯ ದಿನ ಕಳೆಯುವಷ್ಟರಲ್ಲಿ ಪದರಗಳು ಅಣಿಯಾಗಿ, ಮರಿಯು ಬೆಳಕು ನೆರಳುಗಳನ್ನು ಅರಿಯತೊಡಗುತ್ತದೆ. ಮನುಷ್ಯ ಶಿಶುವಿನ ಕಣ್ಣು ಮೂಡುವ ಬಗೆಯೂ ಹೆಚ್ಚುಕಡಮೆ ಇದೇ. ದಿನಗಳ ಬದಲು ವಾರ, ತಿಂಗಳುಗಳು ಹಿಡಿಯುತ್ತವೆ.

ಇನ್ನೊಂದು ಸೋಜಿಗವಿದೆ. ಈ ಮೀನಿನ ಅಕ್ಷಿಪಟಲಕ್ಕೆ ಪೆಟ್ಟಾದರೆ, ಅಲ್ಲಿ ಆಸರೆಯಾಗಿ ನಿಂತ ಮ್ಯೂಲರ್ ಕೋಶಗಳು ಒಡೆದು ಎರಡಾಗುತ್ತ ಹೊಸ ನರಕೋಶಗಳನ್ನು ಹುಟ್ಟಿಸುತ್ತವೆ. ನಮ್ಮ ಕಣ್ಣಿನಲ್ಲಿಯೂ ಮ್ಯೂಲರ್ ಕೋಶಗಳಿವೆ; ಆದರೆ ಅವು ಹೀಗೆ ಮಾಡಲಾರವು. ಅಕ್ಷಿಪಟಲ ನಶಿಸಿ ಕುರುಡಾದವರಿಗೆ ಮರಳಿ ದೃಷ್ಟಿ ತರುವ ದಾರಿ ಈ ಅಂತರದಲ್ಲಿ ಅಡಗಿರಬಹುದೆಂದು ವಿಜ್ಞಾನಿಗಳು ಶೋಧಿಸುತ್ತಿದ್ದಾರೆ.

ಒಂದೇ ಗ್ರಂಥದಿಂದ ರೋಹು ನಮ್ಮ ಸಂತೆಗೆ ಬಂದಿತು. ಕಿರುಮೀನು ಪ್ರಯೋಗಶಾಲೆಗೆ ಹೋಯಿತು. ಬರೆದವನು ಸಂತೆಯ ತಕ್ಕಡಿಯನ್ನೇ ಹಿಡಿದಿದ್ದರೆ ಕಿರುಮೀನಿಗೆ ಅಲ್ಲಿ ಜಾಗವಿರುತ್ತಿರಲಿಲ್ಲ. ಆದುದರಿಂದ ನಮ್ಮ ಜಿಲ್ಲೆಯ ಉಪಾಧ್ಯಾಯರಲ್ಲಿ ನನ್ನ ಬಿನ್ನಹ: ಕಣ್ಣಿನ ಪಾಠವನ್ನು ಕರಿಹಲಗೆಯ ಚಿತ್ರದಲ್ಲೇ ಮುಗಿಸಬೇಡಿ. ಊರ ಕೆರೆಯ ಸಣ್ಣ ಮೀನನ್ನು, ಅದರ ಮೊಟ್ಟೆಯನ್ನು ಗಾಜಿನ ಪಾತ್ರೆಯಲ್ಲಿಟ್ಟು ಮಕ್ಕಳಿಗೆ ತೋರಿಸಿ. ‘ಇದರಿಂದೇನು?’ ಎಂದು ಯಾರಾದರೂ ಕೇಳಿದರೆ, ‘ಮೊದಲು ನೋಡುತ್ತೇವೆ’ ಎನ್ನುವ ಧೈರ್ಯ ಆ ಮಕ್ಕಳಿಗೆ ಬರಲಿ.