ಗೋಣಿತಟ್ಟಿನ ಮರ್ಯಾದೆ

ಕಾಗವಾಡದ ನಮ್ಮ ಮನೆಗೆ ಬೀಗರು ಬರುವರೆಂದರೆ ಪಡಸಾಲೆಯಿಂದ ಮೊದಲು ಮರೆಯಾಗುತ್ತಿದ್ದ ವಸ್ತು ಗೋಣಿತಟ್ಟು. ಅದನ್ನು ಸುತ್ತಿ ಒಳಕೋಣೆಗೆ ಒಯ್ದು, ಅದರ ಸ್ಥಾನದಲ್ಲಿ ಜಮಖಾನೆ ಹಾಸುವ ಕೆಲಸ ನನ್ನದು. ಮೊನ್ನೆ ದೊಡ್ಡ ನಗರವೊಂದರ ಅಂಗಡಿಯಲ್ಲಿ ಅದೇ ತಟ್ಟು ದಿಂಬಿನ ಹೊದಿಕೆಯಾಗಿ, ಕಿಟಕಿಯ ಪರದೆಯಾಗಿ ಗಾಜಿನ ಹಿಂದೆ ವಿರಾಜಿಸುತ್ತಿದ್ದುದನ್ನು ಕಂಡು ನನಗೆ ನಗು ಬಂದಿತು. ಬೆಲೆಯ ಚೀಟಿ ನೋಡಿದ ಮೇಲೆ ನಗು ನಿಂತಿತು.

ಗೋಣಿಯೇನೂ ಅಲ್ಪ ಕುಲದ್ದಲ್ಲ. ಪಾಣಿನಿಯ ಸೂತ್ರಗಳಲ್ಲಿಯೇ ಆ ಶಬ್ದವಿದೆ. ಇಂಗ್ಲಿಷರ ‘ಗನ್ನಿ’ ಹುಟ್ಟಿದ್ದೂ ನಮ್ಮ ದೇಶದ ಗೋಣಿಯಿಂದಲೇ. ನಮ್ಮ ನೆರೆಯ ಮರಾಠಿಗರಿಗೆ ಅದು ‘ಗೋಣಪಾಟ’. 1855ರಲ್ಲಿ ಹೂಗ್ಲಿಯ ದಂಡೆಯ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ನಿಂತಿತು. ಬಂಗಾಲದ ನೀರಿನಲ್ಲಿ ಕೊಳೆತು ನಾರಾದ ಗಿಡ, ಕೃಷ್ಣೆಯ ದಂಡೆಯ ನಮ್ಮ ಜೋಳವನ್ನೂ ಸಾಂಗಲಿಯ ಪೇಟೆಯ ಅರಿಷಿಣವನ್ನೂ ಹೊತ್ತು ತಿರುಗಿತು.

ಬರಿದಾದ ಚೀಲಕ್ಕೆ ಅವ್ವನ ಕೈಯಲ್ಲಿ ಎರಡನೆಯ ಜನ್ಮ. ಬಾಯಿಯ ಹೊಲಿಗೆಯ ಸರಿಯಾದ ತುದಿಯನ್ನು ಹಿಡಿದು ಅವಳು ಒಮ್ಮೆ ಜಗ್ಗಿದರೆ ಹುರಿಯೆಲ್ಲ ಸರಸರನೆ ಬಿಚ್ಚಿಕೊಳ್ಳುತ್ತಿತ್ತು. ನಾನು ಜಗ್ಗಿದರೆ ಗಂಟು. ಆ ಹುರಿಯನ್ನೂ ಸುತ್ತಿಡುತ್ತಿದ್ದಳು. ಚೀಲವನ್ನು ನೆನೆಯಿಟ್ಟು, ಬಡಿದು, ಬಿಸಿಲಿಗೆ ಹಾಕಿ, ಕತ್ತರಿಸುವ ಗೆರೆಯ ಎರಡೂ ಬದಿಗೆ ಮೊದಲೇ ಹೊಲಿಗೆ ಹಾಕುತ್ತಿದ್ದಳು. ಇಲ್ಲದಿದ್ದರೆ ಸೆಣಬಿನ ಅಂಚು ಎಳೆಯೆಳೆಯಾಗಿ ಬಿಟ್ಟುಹೋಗುತ್ತದೆ. ಮೇಲೆ ಹಳೆಯ ಇಳಕಲ್ಲ ಸೀರೆ, ಒಳಗೆ ತಟ್ಟು, ಕೈಯಲ್ಲಿ ದಬ್ಬಣ: ಹೊರಸಿಗೆ ಹಾಸು ಸಿದ್ಧ.

ಪೇಟೆಯವರ ಹೊಸ ಹವ್ಯಾಸವನ್ನು ನಾನು ಹಳಿಯುವವನಲ್ಲ. ಆದರೆ ಹೊಸ ಸೆಣಬಿನ ಬಟ್ಟೆಗೆ ಹಳೆಯ ಚೀಲದ ಮುದ್ರೆಯೊತ್ತಿ ಮಾರುವುದು ಬಡತನದ ವೇಷ ಹಾಕಿದಂತೆ. ಅಂಥ ದಿಂಬಿಗೆ ಸಾವಿರ ರೂಪಾಯಿ ಕೊಡುವವರು ಕೌದಿ ಹೊಲಿಯುವ ಹೆಂಗಸಿನ ಎದುರಿಗೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಇದು ನನಗೆ ಸಹಿಸದು. ತಾವೇ ಹೊಲಿಯುವವರಿಗೂ ಒಂದು ಮಾತು: ಔಷಧ ಹಚ್ಚಿದ ಬೀಜದ ಚೀಲವನ್ನಾಗಲಿ ಕೀಟನಾಶಕ ತಾಗಿದ ಚೀಲವನ್ನಾಗಲಿ ಎಷ್ಟು ತೊಳೆದರೂ ಮನೆಯೊಳಗೆ ತರಬೇಡಿರಿ.

ಇನ್ನು ಚೀಲವೇ ಸಿಗದಿದ್ದರೆ ಹೊಲಿಯುವುದೇನನ್ನು? 1987ರ ಕಾಯಿದೆಯ ಮೇರೆಗೆ ಇತ್ತೀಚಿನ ವರ್ಷಗಳಲ್ಲಿ ಆಹಾರಧಾನ್ಯಕ್ಕೆ ಶೇ. 100, ಸಕ್ಕರೆಗೆ ಶೇ. 20ರಷ್ಟು ಸೆಣಬಿನ ಚೀಲವನ್ನು ವಿಧಿಸುತ್ತ ಬಂದಿದ್ದಾರೆ. ಕಬ್ಬಿನ ನಾಡಾದ ನಮ್ಮಲ್ಲಿ ಉಳಿದ ಸಕ್ಕರೆಯೆಲ್ಲ ಪ್ಲಾಸ್ಟಿಕ್ಕಿನ ಪಾಲು. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಚಿಂದಿಯಾಗಿ ಮಣ್ಣಿನಲ್ಲಿ ಬೆರೆಯುತ್ತದೆ, ಕರಗುವುದಿಲ್ಲ. ಗೋಣಿ ಸವೆದರೆ ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತದೆ. ಶೇಕಡಾ 20 ಅತಿ ಕಡಿಮೆಯಾಯಿತೆಂದು ನನ್ನ ಅಭಿಪ್ರಾಯ.

ಕಾಲೇಜಿನ ಗೆಳೆಯನೊಬ್ಬ ಮನೆಗೆ ಬಂದ ದಿನ, ತಟ್ಟು ತೆಗೆಯೆಂದು ಅವ್ವನ ಮೇಲೆ ರೇಗಿದ್ದೆ. “ಹಂಗಾರ ನೀ ಇಷ್ಟ ದಿನಾ ಯಾತರ ಮ್ಯಾಲ ಕುಂತು ಓದಿದ್ಯೋ?” ಎಂದಳು. ಎಂದವಳು ತಟ್ಟನ್ನು ತಾನೇ ಸುತ್ತಿ ಒಳಗೆ ಒಯ್ದಳು.

ಅದರ ಒಂದು ತುಂಡು ಈಗ ನನ್ನ ಕುರ್ಚಿಯ ಮೇಲಿದೆ. ಮೂಲೆಯಲ್ಲಿ ಅರಿಷಿಣದ ಕಲೆ ಇನ್ನೂ ಹೋಗಿಲ್ಲ.