ಐ ಸೆವೆನ್ ಇದ್ರೆ ಸಾಕಾ ಸ್ವಾಮಿ?

ಹೊಸ ಕಂಪ್ಯೂಟರ್ ತಗೊಂಡ ನಮ್ಮ ಐಟಿ ಮಂದಿ ಮೊದಲು ಹೇಳೋದು ಪ್ರೊಸೆಸರ್ ಹೆಸರು. 'ಐ ಸೆವೆನ್ ಕಣೋ!' ಚಿಪ್‌ಸೆಟ್ ಯಾವುದಪ್ಪಾ ಅಂತ ಕೇಳಿ ನೋಡಿ, ಮುಖ ಮುಖ ನೋಡ್ತಾರೆ. ಕೋಡ್ ಬರೆದು ಅನ್ನ ತಿನ್ನೋರ ಕಥೆಯೇ ಹೀಗಾದರೆ ಅಂಗಡಿಯವನು ಟೋಪಿ ಹಾಕದೆ ಬಿಡ್ತಾನಾ?

ನಮ್ಮೂರ ಕಡೆ ಕೆರೆ ನೀರು ಹಂಚೋಕೆ ನೀರುಗಂಟಿ ಅಂತ ಒಬ್ಬ ಇರ್ತಿದ್ದ. ಕೆರೆ ಕೋಡಿ ಬಿದ್ದಿದ್ರೂ ನಿಮ್ಮ ಗದ್ದೆಗೆ ಎಷ್ಟು ನೀರು, ಯಾವಾಗ ಅನ್ನೋದು ಅವನ ಕೈಲಿ. ಚಿಪ್‌ಸೆಟ್ ಕೆಲಸ ಹೆಚ್ಚುಕಮ್ಮಿ ಅದೇ. ಹಿಂದೆ ನಾರ್ತ್‌ಬ್ರಿಡ್ಜ್, ಸೌತ್‌ಬ್ರಿಡ್ಜ್ ಅಂತ ಎರಡು ಚಿಪ್ ಇರ್ತಿದ್ವು. ಮೆಮೊರಿ ನೋಡಿಕೊಳ್ಳೋ ಕೆಲಸ ಎಎಂಡಿಯಲ್ಲಿ 2003ರಲ್ಲಿ, ಇಂಟೆಲ್‌ನಲ್ಲಿ 2008ರಲ್ಲಿ ಪ್ರೊಸೆಸರ್ ಒಳಕ್ಕೇ ಹೋಯ್ತು. ಆದರೆ ಯುಎಸ್‌ಬಿ, ಸಾಟಾ, ನೆಟ್‌ವರ್ಕ್, ಎರಡನೇ ಎಸ್‌ಎಸ್‌ಡಿ ಇವೆಲ್ಲ ಬಹುಪಾಲು ಇವತ್ತಿಗೂ ಚಿಪ್‌ಸೆಟ್ ಮೂಲಕವೇ. ಅಲ್ಲಿಂದ ಪ್ರೊಸೆಸರ್‌ಗೆ ಹೋಗೋ ಕಾಲುವೆ ಒಂದೇ ಒಂದು. ಇಂಟೆಲ್‌ನ ಝಡ್170ರಲ್ಲಿ ಅದರ ಅಗಲ ಸೆಕೆಂಡಿಗೆ ಸುಮಾರು 4 ಜಿಬಿ. 3.5 ಜಿಬಿ ವೇಗದ ಎರಡು ಎಸ್‌ಎಸ್‌ಡಿ ಅದರ ಕೆಳಗೆ ಸಿಕ್ಕಿಸಿ ಒಟ್ಟಿಗೆ ಓಡಿಸಿದರೆ 7 ಜಿಬಿ ಸಿಗುತ್ತೆ ಅಂದ್ಕೋಬೇಡಿ.

ನೀರುಗಂಟಿಗೆ ಹುಷಾರಿಲ್ಲದಿದ್ರೆ ಏನಾಗುತ್ತೆ ಅಂತ 2011ರಲ್ಲಿ ಜಗತ್ತೇ ನೋಡಿತು. ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್ ಗಟ್ಟಿಮುಟ್ಟಾಗೇ ಇತ್ತು. ಅದರ ಜೊತೆಗಾರ 6 ಸರಣಿ ಚಿಪ್‌ಸೆಟ್‌ನಲ್ಲಿ ಕೆಲವು ಸಾಟಾ ಪೋರ್ಟ್‌ಗಳು ದಿನ ಕಳೆದಂತೆ ಸೊರಗಬಹುದು ಅಂತ ಜನವರಿ 31ರಂದು ಇಂಟೆಲ್ಲೇ ಒಪ್ಕೊಂಡಿತು. ರಿಪೇರಿ, ಬದಲಾವಣೆಗೆ ಅದು ಹಾಕಿದ ಅಂದಾಜು 70 ಕೋಟಿ ಡಾಲರ್!

ಅದು ದೋಷ, ಹೋಗಲಿ. ನನಗೆ ಸಿಟ್ಟು ಬರೋದು ಬೇಕಂತಲೇ ಹಾಕೋ ಬೀಗದ ಮೇಲೆ. 2017ರಲ್ಲಿ ಎಂಟನೇ ತಲೆಮಾರಿನ ಪ್ರೊಸೆಸರ್ ಬಂತು. ಸಾಕೆಟ್ ಅದೇ 1151. ಆದರೂ ಅದೇ ವರ್ಷ ಕೊಂಡ ಝಡ್270 ಬೋರ್ಡ್‌ಗೆ ಆಗಲ್ಲ, 300 ಸರಣಿ ಚಿಪ್‌ಸೆಟ್ಟೇ ಬೇಕು ಅಂದ್ರು. ವಿದ್ಯುತ್ ಪೂರೈಕೆಯ ನೆಪ ಹೇಳಿದ್ರು. ಕೆಲವು ಕಿಲಾಡಿಗಳು ಬಯಾಸ್ ತಿದ್ದಿ ಹಳೇ ಬೋರ್ಡಲ್ಲೇ ಓಡಿಸಿ ತೋರಿಸಿದರು. ಎಎಂಡಿ ಏನು ಸಾಚಾ ಅಲ್ಲ. 2020ರ ಮೇ ತಿಂಗಳಲ್ಲಿ ಬಿ450, ಎಕ್ಸ್470 ಇಟ್ಕೊಂಡವರಿಗೆ ಝೆನ್ 3 ಇಲ್ಲ ಅಂತು. ಜನ ಬಾಯಿಗೆ ಬಂದಂಗೆ ಬೈದರು ನೋಡಿ, ಎರಡೇ ವಾರದೊಳಗೆ ಮಾತು ಬದಲಾಯ್ತು! ಅಲ್ಲಿ ಬೈದವರಿಗೆ ತಮ್ಮ ಚಿಪ್‌ಸೆಟ್ ಹೆಸರು ಗೊತ್ತಿತ್ತು.

ನಮ್ಮ ಅಂಗಡಿಗಳ ಕೊಟೇಶನ್‌ನಲ್ಲಿ ಇನ್ನೂ 'ಐ ಸೆವೆನ್, 16 ಜಿಬಿ, ಮದರ್‌ಬೋರ್ಡ್' ಅಂತಲೇ ಇರುತ್ತೆ. ಯಾವ ಬೋರ್ಡು, ಯಾವ ಚಿಪ್‌ಸೆಟ್ಟು ಅಂತ ಬರೆದು ಕೊಡೋವರೆಗೂ ಅಡ್ವಾನ್ಸ್ ಕೊಡ್ಬೇಡಿ.